ನಾಯಿಯ ಹುಳು, ಚಿಗಟ, ಉಣುಗು: ತಾರೀಖು ಬರೆದಿಟ್ಟುಕೊಂಡು ಎದುರಿಸುವ ಬಗೆ

ಮರಿಯನ್ನು ಮನೆಗೆ ತಂದ ವಾರದಲ್ಲೇ ಬಹಳ ಜನ ಜಂತುಹುಳುವಿನ ಔಷಧಿ ಕುಡಿಸುತ್ತಾರೆ. ಮಾರನೆಯ ದಿನ ಮಲದಲ್ಲಿ ದಾರದಂಥ ಹುಳುಗಳು ಬಿದ್ದರೆ ‘ಸದ್ಯ, ಎಲ್ಲ ಹೊರಗೆ ಬಂತು’ ಅನ್ನುತ್ತಾರೆ. ಏನೂ ಬೀಳದಿದ್ದರೆ ‘ನಮ್ಮ ಮರಿಗೆ ಹುಳುವೇ ಇಲ್ಲ’ ಅನ್ನುತ್ತಾರೆ. ಎರಡೂ ತಪ್ಪು. ಮೊದಲ ನಾಯಿ ಸಾಕಿದಾಗ ಈ ಎರಡು ಮಾತನ್ನೂ ನಾನು ಹೇಳಿದ್ದೇನೆ, ಬೇರೆ ಬೇರೆ ತಿಂಗಳಲ್ಲಿ.

ಔಷಧಿ ಕೊಟ್ಟ ದಿನ ಕರುಳಿನಲ್ಲಿ ಬೆಳೆದು ನಿಂತಿದ್ದ ಹುಳುಗಳು ಸಾಯುತ್ತವೆ, ಅಷ್ಟೇ. ಶ್ವಾಸಕೋಶದಲ್ಲಿ ಅಲೆಯುತ್ತಿರುವ ಲಾರ್ವಾ (ಮರಿಹುಳು), ಸ್ನಾಯುವಿನೊಳಗೆ ಮುದುಡಿ ಮಲಗಿರುವ ಲಾರ್ವಾ, ಅಂಗಳದ ಮಣ್ಣಿನಲ್ಲಿರುವ ಮೊಟ್ಟೆ, ಇವಕ್ಕೆಲ್ಲ ಆ ಒಂದು ಗುಟುಕು ಸಾಲದು. ಕೆಲವೇ ವಾರಗಳಲ್ಲಿ ಅವು ಬಂದು ಖಾಲಿಯಾದ ಜಾಗ ತುಂಬುತ್ತವೆ. ಒಂದೊಂದು ಪರಾವಲಂಬಿಯೂ ತನ್ನದೇ ಲೆಕ್ಕದ ದಿನಗಳಲ್ಲಿ ಬೆಳೆಯುತ್ತದೆ. ಯಾವ ಕಂಪನಿಯ ಮಾತ್ರೆ ಒಳ್ಳೆಯದು ಎಂದು ಗಂಟೆಗಟ್ಟಲೆ ಚರ್ಚೆ ಮಾಡುವವರನ್ನು ಕಂಡಿದ್ದೇನೆ. ಹಿಂದಿನದು ಯಾವತ್ತು ಕೊಟ್ಟಿರಿ, ಮುಂದಿನದು ಯಾವತ್ತು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಈ ಬರಹ ಪೂರ್ತಿ ಆ ಎರಡನೆಯ ಪ್ರಶ್ನೆಯ ಬೆನ್ನು ಹತ್ತಿದೆ.

ಅಷ್ಟಕ್ಕೂ ಇದು ಎಷ್ಟು ಸಾಮಾನ್ಯ?

ಮರಿಗಳಿಗೆ ಹುಳು ಇದ್ದೇ ಇದೆ ಎಂದು ತಿಳಿದು ಮುಂದುವರಿಯಿರಿ. ಟಾಕ್ಸೊಕಾರಾ ಕ್ಯಾನಿಸ್ ಎಂಬ ದುಂಡುಹುಳುವಿನ ಲಾರ್ವಾಗಳು ತಾಯಿನಾಯಿಯ ಸ್ನಾಯುಗಳಲ್ಲಿ, ಇತರ ಅಂಗಾಂಶಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ತಾಯಿ ಗಬ್ಬವಾಗಿ ಆರು ವಾರದ ಆಸುಪಾಸಿನಲ್ಲಿ ಎಚ್ಚೆತ್ತು, ಮಾಸಿನ ಮೂಲಕ ಹೊಟ್ಟೆಯಲ್ಲಿರುವ ಮರಿಗಳಿಗೆ ದಾಟುತ್ತವೆ. ಹುಟ್ಟಿದ ಮೇಲೆ ಹಾಲಿನಲ್ಲೂ ಬರುತ್ತವೆ. ಅಂದರೆ ಮರಿ ಕಣ್ಣು ಬಿಡುವ ಮೊದಲೇ ಅದರ ಮೈಯಲ್ಲಿ ಹುಳು ಸೇರಿರುತ್ತದೆ. ಮೂರು ವಾರ ತುಂಬುವಷ್ಟರಲ್ಲಿ ಮಲದಲ್ಲಿ ಮೊಟ್ಟೆ ಬೀಳಲು ಶುರುವಾಗಬಹುದು. ‘ಚೊಕ್ಕಟ ಮನೆಯ ಮರಿ, ಒಳ್ಳೆಯ ತಳಿ’ ಎಂಬ ಭರವಸೆ ಇಲ್ಲಿ ನಡೆಯುವುದಿಲ್ಲ. ತಾಯಿಯ ಮಲ ಪರೀಕ್ಷೆ ಶುದ್ಧವಾಗಿ ಬಂದಿದ್ದರೂ ಮರಿಗಳಿಗೆ ಹುಳು ಬರಬಹುದು. ತಾಯಿಯಲ್ಲಿ ಅದು ಇರುವುದು ಕರುಳಿನಲ್ಲಲ್ಲವಲ್ಲ, ಮಾಂಸಖಂಡದಲ್ಲಿ.

ದೊಡ್ಡ ನಾಯಿಗಳ ವಿಷಯಕ್ಕೆ ಬಂದರೆ ಒಂದೊಂದು ಸಮೀಕ್ಷೆ ಒಂದೊಂದು ಅಂಕಿ ಹೇಳುತ್ತದೆ. ಅದಕ್ಕೆ ಕಾರಣವೂ ಇದೆ. ಮನೆಯೊಳಗೆ ಬೆಳೆದ ನಾಯಿಗಳನ್ನು ಪರೀಕ್ಷಿಸಿದರೆ ಒಂದು ಲೆಕ್ಕ, ಬೀದಿಯಲ್ಲಿ ಬೆಳೆದವನ್ನು ಪರೀಕ್ಷಿಸಿದರೆ ಇನ್ನೊಂದು. ಚಿಟಿಕೆಯಷ್ಟು ಮಲವನ್ನು ಗಾಜಿನ ಮೇಲೆ ಸವರಿ ನೋಡಿದರೆ ಸಿಗದ ಮೊಟ್ಟೆ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ನೋಡಿದರೆ ಸಿಗುತ್ತದೆ. ಒಂದು ಸಲ ನೋಡಿದ್ದಕ್ಕೂ ಮೂರು ಸಲ ನೋಡಿದ್ದಕ್ಕೂ ವ್ಯತ್ಯಾಸವಿದೆ. ಹಾಗಾಗಿ ‘ಶೇಕಡಾ ಇಷ್ಟು ನಾಯಿಗಳಿಗೆ’ ಎಂಬ ಅಂಕಿಯಿಂದ ನಿಮ್ಮ ನಾಯಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ವಯಸ್ಸೆಷ್ಟು, ಹಗ್ಗವಿಲ್ಲದೆ ಓಡಾಡುತ್ತದೆಯೇ, ಇಲಿ, ಅಳಿಲು, ಹಸಿಮಾಂಸ ತಿನ್ನುತ್ತದೆಯೇ, ನೀವಿರುವ ಜಾಗ ಬೆಚ್ಚಗೆ ತೇವವಾಗಿದೆಯೇ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ.

ಒಂದು ಮಾತು ಮಾತ್ರ ಎಲ್ಲ ಕಡೆಯೂ ಸಲ್ಲುತ್ತದೆ: ಹುಳುವಿರುವ ದೊಡ್ಡ ನಾಯಿ ಬಹುಪಾಲು ಆರೋಗ್ಯವಾಗಿಯೇ ಕಾಣುತ್ತದೆ. ಕೂದಲು ಮಿರಮಿರ ಮಿಂಚುತ್ತಿರುತ್ತದೆ, ಊಟ ಚೆನ್ನಾಗಿ ಮಾಡುತ್ತದೆ, ಬಾಲ ಅಲ್ಲಾಡಿಸುತ್ತದೆ. ಲಕ್ಷಣ ಕಾಣಲಿ, ಆಮೇಲೆ ನೋಡೋಣ ಎಂದು ಕೂತರೆ ಅಷ್ಟರಲ್ಲಿ ಅಂಗಳವೆಲ್ಲ ಮೊಟ್ಟೆಯಾಗಿರುತ್ತದೆ.

ಮೊದಲ ಹೆಜ್ಜೆ: ಒಂದು ಪುಸ್ತಕ, ಒಂದು ತೂಕ

ಹಳೆಯ ನೋಟ್‌ಪುಸ್ತಕವೊಂದನ್ನು ನಾಯಿಗೆಂದೇ ಎತ್ತಿಡಿ. ಫೋನಿನಲ್ಲಿ ಬರೆದರೂ ಆದೀತು. ಆದರೆ ಮನೆಯ ಎಲ್ಲರಿಗೂ ಕಾಣುವ ಜಾಗದಲ್ಲಿರಲಿ. ಇಲ್ಲದಿದ್ದರೆ ಒಬ್ಬರು ಬೆಳಿಗ್ಗೆ ಕೊಟ್ಟ ಮಾತ್ರೆಯನ್ನೇ ಇನ್ನೊಬ್ಬರು ಸಂಜೆ ಮತ್ತೆ ಕೊಡುತ್ತಾರೆ.

ಮೊದಲ ಪುಟದಲ್ಲಿ ಇವತ್ತಿನ ತೂಕ ಬರೆಯಿರಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಮುಗಿಯಿತು. ಅಂದಾಜು ಬೇಡ. ಔಷಧಿಯ ಪ್ರಮಾಣ ನಿಲ್ಲುವುದೇ ಕಿಲೋ ಲೆಕ್ಕದ ಮೇಲೆ. ಮರಿಯ ತೂಕ ಎರಡೇ ವಾರದಲ್ಲಿ ಬದಲಾಗಿಬಿಡುತ್ತದೆ, ಹಾಗಾಗಿ ಪ್ರತಿ ಸಲ ಔಷಧಿ ಕೊಡುವ ದಿನವೂ ತೂಗಬೇಕು. ಕಡಿಮೆ ಕೊಟ್ಟರೆ ಗಟ್ಟಿ ಹುಳು ಉಳಿದುಕೊಳ್ಳುತ್ತದೆ.

ತೂಕದ ಕೆಳಗೆ ಹಿಂದೆ ಕೊಟ್ಟ ಔಷಧಿ, ಅದರೊಳಗಿನ ರಾಸಾಯನಿಕದ ಹೆಸರು, ಪ್ರಮಾಣ, ತಾರೀಖು. ಮನೆಯಲ್ಲಿ ಬೇರೆ ನಾಯಿ, ಬೆಕ್ಕು ಇವೆಯೇ, ಚಿಕ್ಕ ಮಕ್ಕಳು, ಗರ್ಭಿಣಿ, ರೋಗನಿರೋಧಕ ಶಕ್ತಿ ಕುಗ್ಗಿದವರು ಇದ್ದಾರೆಯೇ ಎಂಬುದನ್ನೂ ಬರೆಯಿರಿ. ಪಶುವೈದ್ಯರು ಕೇಳುವುದು ಇದನ್ನೇ.

ಎರಡನೆಯ ಹೆಜ್ಜೆ: ಮಲವನ್ನು ನೋಡಿ, ಆಮೇಲೆ ಪರೀಕ್ಷೆಗೆ ಕೊಡಿ

ಅಸಹ್ಯ ಪಡಬೇಡಿ, ಈ ಇಡೀ ವ್ಯವಹಾರದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಬಿಳಿ ಅಥವಾ ಹಳದಿ ಮಿಶ್ರಿತ, ಗೇಣುದ್ದಕ್ಕೆ ಬರುವ, ಸುರುಳಿ ಸುತ್ತಿಕೊಳ್ಳುವ ಹುಳು ಕಂಡರೆ ಅದು ದುಂಡುಹುಳು. ಗುದದ ಸುತ್ತಲಿನ ಕೂದಲಿಗೆ ಅಂಟಿಕೊಂಡ, ಅಕ್ಕಿಕಾಳಿನಂಥ ಅಥವಾ ಸೌತೆಬೀಜದಂಥ ತುಣುಕುಗಳು ಕಂಡರೆ ಲಾಡಿಹುಳುವಿನ ಮೈಯ ಖಂಡಗಳು. ಹಸಿಯಿದ್ದಾಗ ಮಿಸುಕಾಡುತ್ತವೆ, ಒಣಗಿದರೆ ಎಳ್ಳಿನಂತಾಗುತ್ತವೆ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಮೇಲ್ಗರುಳಿನಲ್ಲಿ ರಕ್ತ ಸೋರುತ್ತಿದೆ, ಕೊಕ್ಕೆಹುಳುವಿನ ಮೇಲೆ ಸಂಶಯ ಪಡಿ. ಮಲದ ಕೊನೆಯಲ್ಲಿ ಲೋಳೆ, ಕೆಂಪು ರಕ್ತದ ಗೆರೆ ಪದೇ ಪದೇ ಕಂಡರೆ ಚಾಟಿಹುಳು ಇರಬಹುದು. ಕೊಕ್ಕೆಹುಳುವಾಗಲಿ ಚಾಟಿಹುಳುವಾಗಲಿ ಕಣ್ಣಿಗೆ ಬೀಳುವುದು ಅಪರೂಪ.

ನಾಯಿ ಹಿಂಭಾಗವನ್ನು ನೆಲಕ್ಕೆ ತಿಕ್ಕಿಕೊಂಡು ಜಾರಿದರೆ ಎಲ್ಲರೂ ‘ಹುಳು’ ಅನ್ನುತ್ತಾರೆ. ಬಹಳ ಸಲ ಅದು ಗುದದ ಪಕ್ಕದ ಗ್ರಂಥಿಗಳು ತುಂಬಿಕೊಂಡದ್ದರ ಅಥವಾ ಚರ್ಮದ ತುರಿಕೆಯ ಫಲ. ಅದಕ್ಕೆ ಹುಳುವಿನ ಮಾತ್ರೆ ನುಂಗಿಸಿ ಪ್ರಯೋಜನವಿಲ್ಲ.

ಪರೀಕ್ಷೆಗೆ ಒಂದು ಚಮಚದಷ್ಟು ತಾಜಾ ಮಲ ಸಾಕು. ಮಣ್ಣಿಗೆ ತಾಗದ ಮೇಲ್ಭಾಗವನ್ನು ತೆಗೆಯಿರಿ, ಮಣ್ಣಿನಲ್ಲಿ ತಮ್ಮ ಪಾಡಿಗೆ ಬದುಕುವ ಸಣ್ಣ ಹುಳುಗಳು ಸೇರಿ ಗೊಂದಲ ಮಾಡುತ್ತವೆ. ಮುಚ್ಚಳದ ಡಬ್ಬಿಗೆ ಹಾಕಿ, ತಾರೀಖು ಬರೆದು, ತಡವಾಗುವುದಾದರೆ ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಿ. ಬಿಸಿಲಲ್ಲಿ ಬಿಟ್ಟರೆ ಕೊಕ್ಕೆಹುಳುವಿನ ಮೊಟ್ಟೆ ದಾರಿಯಲ್ಲೇ ಒಡೆದು ಲಾರ್ವಾ ಆಗಿಬಿಡುತ್ತದೆ.

ಕೊಡುವಾಗ ‘ತೇಲಿಸುವ ವಿಧಾನದಲ್ಲಿ ನೋಡುತ್ತೀರಾ?’ ಎಂದು ಕೇಳಿ. ಮಲವನ್ನು ಸಕ್ಕರೆ ಅಥವಾ ಲವಣದ ದಪ್ಪ ದ್ರಾವಣದಲ್ಲಿ ಕಲಕಿದರೆ ಹಗುರವಾದ ಮೊಟ್ಟೆಗಳು ಮೇಲೆ ಬಂದು ಗಾಜಿನ ಚೂರಿಗೆ ಅಂಟುತ್ತವೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಇನ್ನೂ ಹೆಚ್ಚು ಸಿಗುತ್ತವೆ.

ಇಷ್ಟಾದರೂ ‘ಏನೂ ಇಲ್ಲ’ ಎಂಬ ವರದಿಯನ್ನು ಹುಷಾರಾಗಿ ಓದಬೇಕು. ಹುಳು ಹೊಟ್ಟೆ ಸೇರಿದ ದಿನದಿಂದ ಮೊಟ್ಟೆ ಇಡುವ ದಿನದವರೆಗೆ ಒಂದು ಮೌನದ ಅವಧಿ ಇದೆ. ಕೊಕ್ಕೆಹುಳುವಿಗೆ ಅದು ಎರಡು ಮೂರು ವಾರ. ಮೊಟ್ಟೆಯ ಮೂಲಕ ಬಂದ ದುಂಡುಹುಳುವಿಗೆ ನಾಲ್ಕೈದು ವಾರ. ಚಾಟಿಹುಳುವಿಗೆ ಹತ್ತಿರ ಹತ್ತಿರ ಮೂರು ತಿಂಗಳು. ಆ ದಿನಗಳಲ್ಲಿ ಹುಳು ಇರುತ್ತದೆ, ಮೊಟ್ಟೆ ಇರುವುದಿಲ್ಲ. ಲಾಡಿಹುಳುವಿನ ಮೊಟ್ಟೆಗಳು ಆ ಖಂಡದೊಳಗೇ ಕೂತಿರುವುದರಿಂದ ತೇಲಿಸಿದರೂ ಕಾಣದಿರುವುದೇ ಹೆಚ್ಚು. ಅದಕ್ಕೆ ನಿಮ್ಮ ಕಣ್ಣೇ ಒಳ್ಳೆಯ ಪರೀಕ್ಷೆ, ಕಂಡ ತುಣುಕಿನ ಫೋಟೊ ತೆಗೆದಿಡಿ. ಇದಕ್ಕೆ ತದ್ವಿರುದ್ಧವಾದ ತಮಾಷೆಯೂ ಒಂದಿದೆ: ಬೇರೆ ಪ್ರಾಣಿಯ ಸಗಣಿ, ಹಿಕ್ಕೆ ತಿನ್ನುವ ಚಟವಿರುವ ನಾಯಿಯ ಮಲದಲ್ಲಿ ಆ ಪ್ರಾಣಿಯ ಹುಳುವಿನ ಮೊಟ್ಟೆಗಳು ಹಾಗೇ ಹಾದು ಬರುತ್ತವೆ. ನಾಯಿಗೆ ಆ ರೋಗವಿಲ್ಲ, ಅದು ಸುಮ್ಮನೆ ಸಾಗಣೆದಾರ. ಚಟವಿದ್ದರೆ ಮುಚ್ಚಿಡದೆ ಹೇಳಿ.

ಮೂರನೆಯ ಹೆಜ್ಜೆ: ಮರಿಗಳ ತಾರೀಖು

ಮರಿಗಳಿಗೆ ಪರೀಕ್ಷೆಯ ವರದಿಗಾಗಿ ಕಾಯುವುದಿಲ್ಲ. ಲೆಕ್ಕ ಹೀಗಿದೆ:

- ಹುಟ್ಟಿದ 2ನೇ ವಾರಕ್ಕೆ ಮೊದಲ ಔಷಧಿ, ನಂತರ 4, 6, 8ನೇ ವಾರ
- ಆಮೇಲೆ 6 ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ
- ಮರಿಗಳಿಗೆ ಶುರುಮಾಡಿದ ದಿನವೇ ತಾಯಿಗೂ

ಎರಡನೇ ವಾರವೇ ಏಕೆ ಅಂದರೆ, ಮೂರನೇ ವಾರಕ್ಕೆ ದುಂಡುಹುಳು ಮೊಟ್ಟೆಯಿಡಲು ಸಿದ್ಧವಾಗುತ್ತದೆ; ಅದಕ್ಕೆ ಮೊದಲೇ ಕೊಲ್ಲಬೇಕು. ಎರಡೆರಡು ವಾರಕ್ಕೆ ಮತ್ತೆ ಮತ್ತೆ ಏಕೆ ಅಂದರೆ, ಹಾಲಿನಿಂದ ಹೊಸ ಲಾರ್ವಾಗಳು ಬರುತ್ತಲೇ ಇರುತ್ತವೆ. ತಾಯಿಗೆ ಏಕೆ ಅಂದರೆ, ಮರಿಗಳನ್ನು ನೆಕ್ಕಿ ಶುಚಿ ಮಾಡುವಾಗ ಅವುಗಳ ಹುಳು ಅದಕ್ಕೂ ತಗಲುತ್ತದೆ. ನೀವು ಮರಿ ತಂದದ್ದು 7ನೇ ವಾರದಲ್ಲಾದರೆ ಹಿಂದಿನ ಮೂರು ಸಲದ್ದು ಕೊಟ್ಟಿದ್ದಾರೆಯೇ ಎಂದು ಕೇಳಿ. ‘ಎಲ್ಲ ಕೊಟ್ಟಿದೆ’ ಎಂಬ ಬಾಯಿಮಾತಿನ ಜೊತೆ ಔಷಧಿಯ ಹೆಸರು, ತಾರೀಖು ಸಿಗದಿದ್ದರೆ ಕೊಟ್ಟಿಲ್ಲ ಎಂದೇ ತಿಳಿದು ವೈದ್ಯರ ಹತ್ತಿರ ಹೋಗಿ.

ಮರಿಗಳಲ್ಲಿ ನಿಜವಾಗಿ ಹೆದರಬೇಕಾದದ್ದು ಕೊಕ್ಕೆಹುಳುವಿಗೆ. ಉದ್ದ ಒಂದೆರಡು ಸೆಂಟಿಮೀಟರ್ ಅಷ್ಟೇ. ಕರುಳಿನ ಗೋಡೆಗೆ ಹಲ್ಲು ನೆಟ್ಟು ರಕ್ತ ಹೀರಿ, ಸಾಕಾದ ಮೇಲೆ ಜಾಗ ಬದಲಿಸುತ್ತದೆ. ಬಿಟ್ಟುಹೋದ ಗಾಯ ಸೋರುತ್ತಲೇ ಇರುತ್ತದೆ. ಹಾಲಿನಲ್ಲಿ ಇದು ಜಾಸ್ತಿ ಬಂದರೆ ಮಲದಲ್ಲಿ ಒಂದು ಮೊಟ್ಟೆಯೂ ಕಾಣುವ ಮೊದಲೇ ಮರಿ ರಕ್ತಹೀನತೆಯಿಂದ ಸಾಯಬಹುದು. ಆದ್ದರಿಂದ ದಿನಕ್ಕೊಮ್ಮೆ ಮರಿಯ ತುಟಿ ಎತ್ತಿ ವಸಡು ನೋಡುವ ಅಭ್ಯಾಸ ಮಾಡಿಕೊಳ್ಳಿ. ಗುಲಾಬಿ ಬಣ್ಣವಿರಬೇಕು. ಬಿಳಿಚಿಕೊಂಡಿದ್ದರೆ, ಮರಿ ಹಾಲು ಕುಡಿಯದೆ ಮಂಕಾಗಿದ್ದರೆ ರಾತ್ರಿಯಾದರೂ ವೈದ್ಯರನ್ನು ಹುಡುಕಿ. ಕೆಲವಕ್ಕೆ ರಕ್ತವನ್ನೇ ಕೊಡಬೇಕಾಗುತ್ತದೆ.

ಔಷಧಿ ಕೊಳ್ಳುವಾಗ ಮೇಲಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳುಗಳಿಗೆ. ಲಾಡಿಹುಳು, ಚಾಟಿಹುಳುಗಳಿಗೆ ಅದು ನಾಟುವುದಿಲ್ಲ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ ಮಾತ್ರ. ಫೆನ್‌ಬೆಂಡಜೋಲ್ ಅನ್ನು ಸಾಮಾನ್ಯವಾಗಿ ಮೂರು ದಿನ ಸತತ ಕೊಡುತ್ತಾರೆ. ದುಂಡು, ಕೊಕ್ಕೆ, ಚಾಟಿ ಮೂರಕ್ಕೂ ಆಗುತ್ತದೆ, ಆದರೆ ಚಿಗಟದಿಂದ ಬರುವ ಲಾಡಿಹುಳುವಿಗೆ ಆಗುವುದಿಲ್ಲ. ‘ಎಲ್ಲ ಹುಳುವಿಗೂ ಒಂದೇ ಮಾತ್ರೆ’ ಎಂದು ಅಂಗಡಿಯಲ್ಲಿ ಹೇಳಿದರೆ ಈ ಹೆಸರುಗಳಲ್ಲಿ ಯಾವುವು ಇವೆ ನೋಡಿ.

ದನಕರುಗಳಿಗೆಂದು ಬರುವ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಔಷಧಿಯೇನೋ ಅದ್ಭುತ, ಅದನ್ನು ಕಂಡುಹಿಡಿದ ಕೆಲಸಕ್ಕೆ 2015ರಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಓಮುರಾ ಅವರಿಗೆ ನೊಬೆಲ್ ಬಂದಿತು. ಆದರೆ ಕೋಲಿ ಮತ್ತು ಅದರ ಸಂಬಂಧದ ತಳಿಗಳಲ್ಲಿ ಎಂಡಿಆರ್1 ಎಂಬ ಜೀನ್ ಕೆಟ್ಟಿರುವ ನಾಯಿಗಳು ಬಹಳ. ಅವುಗಳ ಮಿದುಳಿಗೆ ಈ ಔಷಧಿ ನುಗ್ಗಿ ನಡುಕ, ಕುರುಡು, ಕೋಮಾ ಬರುತ್ತದೆ. ಮಿಶ್ರತಳಿಯ ನಾಯಿಯಲ್ಲೂ ಆ ಜೀನ್ ಇರಬಹುದು. ಇನ್ನು ಹುಳುವಿಗೆಂದು ಬೆಳ್ಳುಳ್ಳಿ ಅರೆದು ಕೊಡುವುದು: ಹುಳುವಿಗೆ ಏನಾಗುತ್ತದೋ, ನಾಯಿಯ ಕೆಂಪು ರಕ್ತಕಣ ಮಾತ್ರ ಒಡೆಯುತ್ತದೆ.

ನಾಲ್ಕನೆಯ ಹೆಜ್ಜೆ: ದೊಡ್ಡ ನಾಯಿಗೆ ಎಷ್ಟು ಸಲ?

ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಯುರೋಪಿನ ಪರಾವಲಂಬಿ ತಜ್ಞರ ಮಂಡಳಿ ಎಸ್‌ಕ್ಯಾಪ್, ನಾಯಿಯ ಅಪಾಯ ಎಷ್ಟೆಂದು ಗೊತ್ತಿಲ್ಲದಿದ್ದರೆ ವರ್ಷಕ್ಕೆ ಕನಿಷ್ಠ 4 ಸಲ ಎನ್ನುತ್ತದೆ. ಅಮೆರಿಕದ ಇಂಥದೇ ಮಂಡಳಿ ವರ್ಷಪೂರ್ತಿ ಬಿಡದೆ ರಕ್ಷಣೆ ಕೊಡಿ ಎನ್ನುತ್ತದೆ. ನಾಲ್ಕು ಸಲ ಕೊಟ್ಟರೆ ವರ್ಷವೆಲ್ಲ ಹುಳುವಿಲ್ಲ ಎಂದಲ್ಲ. ಇವತ್ತು ಔಷಧಿ ಕೊಟ್ಟು ನಾಳೆ ನಾಯಿ ಮಣ್ಣು ನೆಕ್ಕಿದರೆ ಐದಾರು ವಾರದಲ್ಲಿ ಅದು ಮತ್ತೆ ಮೊಟ್ಟೆ ಹಾಕುತ್ತಿರಬಹುದು. ಆದ್ದರಿಂದ ನೆಲದಲ್ಲಿ ತೆವಳುವ ಮಗು ಮನೆಯಲ್ಲಿದ್ದರೆ, ನಾಯಿ ಬೇಟೆಯಾಡುವಂಥದ್ದಾದರೆ ತಿಂಗಳಿಗೊಮ್ಮೆಯ ಮಾತನ್ನು ವೈದ್ಯರ ಜೊತೆ ಆಡಿ. ಹಗ್ಗ ಬಿಚ್ಚದೆ ಓಡಾಡಿಸುವ, ಬೇಯಿಸಿದ ಊಟ ತಿನ್ನುವ ಮಧ್ಯವಯಸ್ಸಿನ ನಾಯಿಗೆ ವರ್ಷಕ್ಕೆ ನಾಲ್ಕು ಮಲ ಪರೀಕ್ಷೆ, ಸಿಕ್ಕಿದ್ದಕ್ಕೆ ಔಷಧಿ ಎಂಬುದೂ ಮರ್ಯಾದೆಯ ದಾರಿಯೇ. ನನ್ನ ಒಲವು ಈ ಎರಡನೆಯದರ ಕಡೆಗೆ.

ಆ ಒಲವಿಗೆ ಒಂದು ಕಾರಣವಿದೆ. ಅಮೆರಿಕದಲ್ಲಿ ಓಟದ ಪಂದ್ಯಗಳಿಂದ ನಿವೃತ್ತವಾದ ಗ್ರೇಹೌಂಡ್ ನಾಯಿಗಳಲ್ಲಿ ಮೂರು ಬಗೆಯ ಔಷಧಿಗಳಿಗೂ ಬಗ್ಗದ ಕೊಕ್ಕೆಹುಳುಗಳು ಸಿಕ್ಕಿವೆ. ಔಷಧಿಯನ್ನು ಸತತವಾಗಿ ಸುರಿದ ಜಾಗದಿಂದ ಎದ್ದ ಹುಳುಗಳು ಅವು. ಹಾಗಾಗಿ ಕೊಕ್ಕೆಹುಳು ಸಿಕ್ಕ ನಾಯಿಗೆ ಔಷಧಿ ಕೊಟ್ಟ 10ರಿಂದ 14 ದಿನಕ್ಕೆ ಮತ್ತೆ ಮಲ ಪರೀಕ್ಷೆ ಮಾಡಿಸಿ, ಆ ತಾರೀಖನ್ನು ಔಷಧಿ ಕೊಟ್ಟ ದಿನವೇ ಪುಸ್ತಕದಲ್ಲಿ ಬರೆಯಿರಿ. ಆಗ ಶುದ್ಧವಾಗಿದ್ದು ತಿಂಗಳ ನಂತರ ಮೊಟ್ಟೆ ಕಂಡರೆ ಔಷಧಿಯನ್ನು ತಕ್ಷಣ ಬೈಯಬೇಡಿ. ಸ್ನಾಯುವಿನಲ್ಲಿ ಮಲಗಿದ್ದ ಲಾರ್ವಾಗಳು ಒಂದೊಂದಾಗಿ ಕರುಳಿಗೆ ಇಳಿಯುತ್ತಿರಬಹುದು.

ಔಷಧಿಯಷ್ಟೇ ಕೆಲಸ ಮಾಡುವ, ಆದರೆ ಯಾರೂ ಉತ್ಸಾಹದಿಂದ ಮಾಡದ ಕೆಲಸವೊಂದಿದೆ: ಮಲವನ್ನು ಅಂದಂದೇ ಎತ್ತುವುದು. ದುಂಡುಹುಳುವಿನ ತಾಜಾ ಮೊಟ್ಟೆ ರೋಗ ತರುವುದಿಲ್ಲ. ಅದರೊಳಗೆ ಲಾರ್ವಾ ಬೆಳೆಯಲು ಎರಡು ವಾರವಾದರೂ ಬೇಕು. ಬೆಚ್ಚಗಿನ ಮಣ್ಣಿನಲ್ಲಿ ಕೊಕ್ಕೆಹುಳುವಿಗೆ ಸುಮಾರು ಒಂದು ವಾರ. ಆ ಗಡುವಿನೊಳಗೆ ಎತ್ತಿದರೆ ಸರಪಳಿ ಅಲ್ಲೇ ತುಂಡಾಯಿತು. ಬಿಟ್ಟರೆ ಮಲ ಕರಗಿ ಮೊಟ್ಟೆ ಮಣ್ಣಿಗೆ ಇಳಿಯುತ್ತದೆ, ದುಂಡುಹುಳು ಮತ್ತು ಚಾಟಿಹುಳುವಿನ ಮೊಟ್ಟೆಗಳು ಅಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಮನೆಯಲ್ಲಿರುವ ಫಿನಾಯಿಲ್, ಬ್ಲೀಚ್ ಯಾವುದಕ್ಕೂ ಅವು ಜಗ್ಗುವುದಿಲ್ಲ. ಸಿಮೆಂಟು ನೆಲವಾದರೆ ಕುದಿನೀರು, ಬಿಸಿಲು ಸ್ವಲ್ಪ ನೆರವಾಗುತ್ತವೆ.

ಐದನೆಯ ಹೆಜ್ಜೆ: ಲಾಡಿಹುಳು ಕಂಡರೆ ಚಿಗಟ ಹುಡುಕಿ

ಡಿಪಿಲಿಡಿಯಂ ಎಂಬ ಲಾಡಿಹುಳು ನಾಯಿಯಿಂದ ನಾಯಿಗೆ ನೇರವಾಗಿ ಬರುವುದಿಲ್ಲ. ಅದರ ಮೊಟ್ಟೆಯನ್ನು ಚಿಗಟದ ಮರಿ ತಿನ್ನಬೇಕು, ಬೆಳೆದ ಆ ಚಿಗಟವನ್ನು ನಾಯಿ ಮೈ ಕಚ್ಚಿಕೊಳ್ಳುವಾಗ ನುಂಗಬೇಕು. ಆದ್ದರಿಂದ ಪ್ರಾಜಿಕ್ವಾಂಟೆಲ್ ಕೊಟ್ಟು ಚಿಗಟವನ್ನು ಬಿಟ್ಟರೆ ಮೂರು ವಾರಕ್ಕೆ ಅಕ್ಕಿಕಾಳುಗಳು ಮತ್ತೆ ಹಾಜರ್.

ಚಿಗಟ ಕಣ್ಣಿಗೆ ಬೀಳದಿದ್ದರೆ ನಾಯಿಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಬಾಲದ ಬುಡದ ಕೂದಲನ್ನು ಬಾಚಿ. ಉದುರಿದ ಕರಿ ಪುಡಿಯ ಮೇಲೆ ಒಂದು ಹನಿ ನೀರು ಹಾಕಿ. ಕೆಂಪು-ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಹರಡದಿದ್ದರೆ ಬರೀ ಧೂಳು.

ಈಗ ತಾರೀಖಿನ ಲೆಕ್ಕ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು, ಅವೆಲ್ಲ ಕೂದಲಿನಿಂದ ಜಾರಿ ನೆಲಕ್ಕೆ ಬೀಳುತ್ತವೆ. ಯಾವುದೇ ಹೊತ್ತಿನಲ್ಲಿ ನಾಯಿಯ ಮೈಮೇಲೆ ಕಾಣುವುದು ಒಟ್ಟು ಸಂಸಾರದ ಸುಮಾರು ಶೇ. 5 ಮಾತ್ರ, ಉಳಿದದ್ದು ಹಾಸಿಗೆ, ಸೋಫಾದ ಸಂದು, ಕಾರಿನ ಸೀಟಿನಲ್ಲಿ ಮೊಟ್ಟೆ, ಮರಿ, ಗೂಡಿನ ರೂಪದಲ್ಲಿ ಇರುತ್ತದೆ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು, ಯಾವ ಸಿಂಪಡಣೆಯೂ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಹೀಗಾಗಿ ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೆ, ಕನಿಷ್ಠ ಮೂರು ತಿಂಗಳು ಬಿಡದೆ ಚಿಕಿತ್ಸೆ ನಡೆಯಬೇಕು. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ವ್ಯಾಕ್ಯೂಮ್ ಹಾಕಿ, ಅದರ ಅದುರಿಗೆ ಗೂಡಿನ ಚಿಗಟ ಹೊರಬಂದು ಔಷಧಿ ಹಚ್ಚಿದ ನಾಯಿಯ ಮೇಲೆ ಹಾರಿ ಸಾಯುತ್ತದೆ. ಎರಡನೇ ವಾರದಲ್ಲಿ ಚಿಗಟ ಜಾಸ್ತಿಯಾದಂತೆ ಕಂಡರೆ ಇದೇ ಕಾರಣ, ಎದೆಗುಂದಬೇಡಿ. ಪರ್ಮೆಥ್ರಿನ್ ಇರುವ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕು ಸಾಯಬಹುದು, ಇದೊಂದು ಮರೆಯಬಾರದು.

ಲಾಡಿಹುಳುಗಳಲ್ಲಿ ಇನ್ನೊಂದು ಗುಂಪು ಹಸಿಮಾಂಸದ್ದು. ಅದರಲ್ಲಿ ಎಕಿನೊಕಾಕಸ್ ಗ್ರಾನ್ಯುಲೋಸಸ್ ಎಂಬ ಕೆಲವೇ ಮಿಲಿಮೀಟರ್ ಉದ್ದದ ಹುಳು ನಾಯಿಗೆ ಏನೂ ತೊಂದರೆ ಕೊಡುವುದಿಲ್ಲ, ಮನುಷ್ಯರ ಯಕೃತ್ತು, ಶ್ವಾಸಕೋಶದಲ್ಲಿ ನೀರುಗಂಟು ಬೆಳೆಸುತ್ತದೆ. ಕುರಿ ಮೊದಲಾದ ಪ್ರಾಣಿಗಳ ಹಸಿ ಯಕೃತ್ತು, ಶ್ವಾಸಕೋಶವನ್ನು ನಾಯಿಗೆ ಎಸೆಯದಿದ್ದರೆ ಈ ದಾರಿ ಮುಚ್ಚುತ್ತದೆ.

ಆರನೆಯ ಹೆಜ್ಜೆ: ಉಣುಗು

ಉಣುಗು, ಕೆಲವರ ಮಾತಿನಲ್ಲಿ ಉಣ್ಣೆ, ಹೀರುವ ರಕ್ತದಿಂದ ದೊಡ್ಡ ನಾಯಿಗೆ ನಷ್ಟ ಕಡಿಮೆ. ನಷ್ಟವಾಗುವುದು ಅದು ಒಳಗೆ ಬಿಡುವ ರೋಗಾಣುಗಳಿಂದ. ನಾಯಿಗಳಿಗೆ ಹತ್ತುವ ಕಂದು ಬಣ್ಣದ ಉಣುಗು ಬಬೇಸಿಯಾ ಎಂಬ ಏಕಕೋಶಿ ಪರಾವಲಂಬಿಯನ್ನೂ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾವನ್ನೂ ಹರಡುತ್ತದೆ. ಮೊದಲನೆಯದು ಕೆಂಪು ರಕ್ತಕಣದೊಳಗೆ ಹೊಕ್ಕು ಒಡೆಯುತ್ತದೆ. ಎರಡನೆಯದು ಬಿಳಿ ರಕ್ತಕಣದೊಳಗೆ ಸೇರಿ, ಪ್ಲೇಟ್‌ಲೆಟ್ ಇಳಿಯುವಂತೆ ಮಾಡುತ್ತದೆ. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಕಾಫಿ ಬಣ್ಣದ ಮೂತ್ರ, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ, ಇವುಗಳಲ್ಲಿ ಯಾವುದಾದರೂ ಕಂಡರೆ ರಕ್ತ ಪರೀಕ್ಷೆ ಆಗಲೇಬೇಕು. ಉಣುಗು ಕಿತ್ತು ತಿಂಗಳುಗಳಾದ ಮೇಲೂ ಎರ್ಲಿಕಿಯಾ ತಲೆಯೆತ್ತಬಹುದು, ಅದಕ್ಕೇ ಉಣುಗು ಕಂಡ ದಿನವನ್ನೂ ಪುಸ್ತಕದಲ್ಲಿ ಬರೆದಿಡಬೇಕು.

ತಿರುಗಾಡಿ ಬಂದ ಮೇಲೆ ಕಿವಿಯ ಒಳಗೆ, ಹಿಂದೆ, ಕತ್ತುಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು, ಬೆರಳ ಸಂದುಗಳನ್ನು ಬೆರಳಿನಿಂದ ತಡವಿ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಜಗ್ಗದೆ, ಒಂದೇ ಸಮನೆ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು ಬೇಡ. ಉಣುಗು ಕಕ್ಕಿದ ಎಂಜಲು ಗಾಯದೊಳಗೇ ಹೋಗುತ್ತದೆ. ಬರಿಗೈಯಲ್ಲಿ ಹಿಸುಕಲೂಬೇಡಿ. ಸ್ಪಿರಿಟ್ ಇರುವ ಸಣ್ಣ ಶೀಸೆಗೆ ಹಾಕಿ ಮುಚ್ಚಿ.

ಈ ಕಂದು ಉಣುಗು ಮನೆಯ ಒಳಗೇ ಸಂಸಾರ ಹೂಡಬಲ್ಲದು. ಹೊಟ್ಟೆ ತುಂಬಿದ ಹೆಣ್ಣು ಕೆಳಗಿಳಿದು ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಎಷ್ಟು ಸ್ನಾನ ಮಾಡಿಸಿದರೂ ಉಣುಗು ಮುಗಿಯುವುದಿಲ್ಲ ಎನ್ನುವವರು ಟಾರ್ಚು ಹಿಡಿದು ಗೋಡೆ ನೋಡಬೇಕು.

ಫ್ಲುರಾಲಾನರ್, ಅಫೊಕ್ಸೊಲಾನರ್, ಸಾರೊಲಾನರ್ ಮೊದಲಾದ ಹೊಸ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅವು ರಕ್ತದಲ್ಲಿರುವುದರಿಂದ ಉಣುಗು ಕಚ್ಚಿದ ಮೇಲೆಯೇ ಸಾಯುವುದು; ಮಾತ್ರೆ ಕೊಟ್ಟ ನಾಯಿಯ ಮೇಲೆ ಉಣುಗು ಕಂಡರೆ ಮಾತ್ರೆ ಸೋತಿತು ಎಂದಲ್ಲ. ಫಿಟ್ಸ್ ಬಂದ ಚರಿತ್ರೆಯಿರುವ ನಾಯಿಯಾದರೆ ಮೊದಲೇ ವೈದ್ಯರಿಗೆ ತಿಳಿಸಿ. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಕಂಡಿದೆಯೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು.

ಏಳನೆಯ ಹೆಜ್ಜೆ: ಸೊಳ್ಳೆ ತರುವ ಹೃದಯದ ಹುಳು

ಮಲದಲ್ಲಿ ಎಂದೂ ಕಾಣದ ಹುಳುವಿದು. ಸೊಳ್ಳೆ ಕಚ್ಚಿದಾಗ ಒಳಹೊಕ್ಕ, ಡೈರೊಫೈಲೇರಿಯಾ ಎಂಬ ಈ ಹುಳುವಿನ ಲಾರ್ವಾ ಆರೇಳು ತಿಂಗಳಲ್ಲಿ ಬೆಳೆದು ಶ್ವಾಸಕೋಶದ ರಕ್ತನಾಳ, ಹೃದಯದ ಬಲಭಾಗಗಳಲ್ಲಿ ನೆಲೆಸುತ್ತದೆ. ಹೆಣ್ಣು ಹುಳು 30 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, 5ರಿಂದ 7 ವರ್ಷ ಬದುಕುತ್ತದೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆಮೇಲೆ ಕೆಮ್ಮು, ಬೇಗ ಸುಸ್ತು, ಹೊಟ್ಟೆಯಲ್ಲಿ ನೀರು. ಇದು ನಿಮ್ಮ ಭಾಗದಲ್ಲಿದೆಯೇ ಎಂದು ವೈದ್ಯರನ್ನು ಕೇಳಿ, ಎಲ್ಲ ಕಡೆಯೂ ಇಲ್ಲ.

ತಿಂಗಳಿಗೊಮ್ಮೆಯ ತಡೆಮಾತ್ರೆ ಹಿಮ್ಮುಖವಾಗಿ ಕೆಲಸ ಮಾಡುತ್ತದೆ, ಇದನ್ನು ತಿಳಿದವರು ಕಡಿಮೆ. ಇವತ್ತು ಕೊಟ್ಟ ಮಾತ್ರೆ ಕಳೆದ 30 ದಿನಗಳಲ್ಲಿ ಬಂದ ಲಾರ್ವಾಗಳನ್ನು ಕೊಲ್ಲುತ್ತದೆ, ಮುಂದೆ ಬರುವುದನ್ನು ತಡೆಯುವುದಿಲ್ಲ. ಸೊಳ್ಳೆಗಾಲ ಮುಗಿಯಿತೆಂದು ಕೊನೆಯ ಮಾತ್ರೆ ಬಿಟ್ಟರೆ ಕೊನೆಯ ತಿಂಗಳ ಲಾರ್ವಾಗಳೆಲ್ಲ ಉಳಿದವು. ಎರಡು ತಿಂಗಳು ತಪ್ಪಿತೆಂದರೆ ಲಾರ್ವಾ ಆ ಮಾತ್ರೆಗೆ ಬಗ್ಗದಷ್ಟು ಬೆಳೆದಿರುತ್ತದೆ. ತಪ್ಪಿದ್ದು ಗೊತ್ತಾದ ಕೂಡಲೇ ಮತ್ತೆ ಶುರುಮಾಡುವುದಕ್ಕೆ ವೈದ್ಯರಿಗೆ ಫೋನ್ ಮಾಡಿ, ಆರು ತಿಂಗಳ ನಂತರದ ರಕ್ತ ಪರೀಕ್ಷೆಗೆ ಈಗಲೇ ತಾರೀಖು ಹಾಕಿಕೊಳ್ಳಿ. ಅದಕ್ಕೆ ಮೊದಲು ಮಾಡಿಸಿದರೆ ಪ್ರಯೋಜನವಿಲ್ಲ, ಬೆಳೆದ ಹೆಣ್ಣುಹುಳುವನ್ನು ಮಾತ್ರ ಆ ಪರೀಕ್ಷೆ ಹಿಡಿಯುತ್ತದೆ. ದೊಡ್ಡ ನಾಯಿಗೆ ಮೊದಲ ಸಲ ಶುರುಮಾಡುವ ಮುನ್ನವೂ ರಕ್ತ ಪರೀಕ್ಷೆ ಬೇಕು. ಹುಳು ಇದೆ ಎಂದಾದರೆ ಚಿಕಿತ್ಸೆಯ ಹೊತ್ತಿನಲ್ಲಿ ನಾಯಿಯನ್ನು ವಾರಗಟ್ಟಲೆ ಓಡದಂತೆ, ಕುಣಿಯದಂತೆ ಇಡಬೇಕಾಗುತ್ತದೆ. ಸತ್ತ ಹುಳುವಿನ ಚೂರು ಶ್ವಾಸಕೋಶದ ನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಚರ್ಮ ಮತ್ತು ಭೇದಿ, ಚುಟುಕಾಗಿ

ಕಜ್ಜಿ ಎರಡು ಬಗೆ. ಸಾರ್ಕೊಪ್ಟಿಸ್ ನುಸಿಯದ್ದು ವಿಪರೀತ ತುರಿಕೆ, ಕಿವಿಯಂಚು ಮತ್ತು ಮೊಣಕೈಯಿಂದ ಶುರು, ಮನೆಯವರಿಗೂ ತುರಿಸುತ್ತದೆ. ಚರ್ಮ ಕೆರೆದು ನೋಡಿದರೂ ನುಸಿ ಸಿಗದಿರುವುದು ಮಾಮೂಲು, ಆದ್ದರಿಂದ ವೈದ್ಯರು ಸಂಶಯದ ಮೇಲೆಯೇ ಚಿಕಿತ್ಸೆ ಕೊಟ್ಟರೆ ಆಶ್ಚರ್ಯ ಪಡಬೇಡಿ. ಡೆಮೊಡೆಕ್ಸ್ ನುಸಿ ಹುಟ್ಟಿದ ದಿನಗಳಲ್ಲೇ ತಾಯಿಯಿಂದ ಬಂದು ಆರೋಗ್ಯವಂತ ನಾಯಿಯಲ್ಲೂ ಇರುತ್ತದೆ; ಶಕ್ತಿ ಕುಂದಿದಾಗ ಮಾತ್ರ ಕೂದಲು ಉದುರಿಸುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ.

ಬಂದು ಹೋಗುವ, ಲೋಳೆಯಂಥ, ಕೆಟ್ಟ ವಾಸನೆಯ ಭೇದಿಗೆ ಜಿಯಾರ್ಡಿಯಾ ಎಂಬ ಏಕಕೋಶಿ ಪರಾವಲಂಬಿ ಕಾರಣವಿರಬಹುದು. ಅದು ದಿನವೂ ಮಲದಲ್ಲಿ ಬೀಳುವುದಿಲ್ಲ, ದಿನ ಬಿಟ್ಟು ದಿನ ಮೂರು ಮಾದರಿ ಕೊಡಿ ಅಥವಾ ಅದರ ಪ್ರೋಟೀನನ್ನು ಮಲದಲ್ಲಿ ಹುಡುಕುವ ಆಂಟಿಜೆನ್ ಪರೀಕ್ಷೆ ಕೇಳಿ. ಇದರ ಸಿಸ್ಟುಗಳು (ಗಟ್ಟಿ ಕವಚದೊಳಗಿನ ರೂಪ) ದುಂಡುಹುಳುವಿನ ಮೊಟ್ಟೆಯಂತೆ ಕಾಯುವುದಿಲ್ಲ, ಬಿದ್ದ ಗಳಿಗೆಯಲ್ಲೇ ಅಂಟಬಲ್ಲವು. ಔಷಧಿಯ ಕೊನೆಯ ದಿನ ನಾಯಿಗೆ ಸ್ನಾನ ಮಾಡಿಸಿ ಹಿಂಭಾಗವನ್ನು ಚೆನ್ನಾಗಿ ತೊಳೆಯದಿದ್ದರೆ ನೆಕ್ಕಿಕೊಂಡು ಮತ್ತೆ ತಂದುಕೊಳ್ಳುತ್ತದೆ.

ಮನೆಯವರ ಪಾಲಿಗೆ

ದುಂಡುಹುಳುವಿನ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಲಾರ್ವಾ ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುತ್ತದೆ, ಅಪರೂಪಕ್ಕೆ ಕಣ್ಣಿಗೂ ಹೋಗುತ್ತದೆ. ನಾಯಿಯನ್ನು ಮುಟ್ಟಿದ್ದರಿಂದ ಬರುವುದಕ್ಕಿಂತ ಹಳೆಯ ಮಣ್ಣಿನಿಂದ ಬರುವುದೇ ಹೆಚ್ಚು. ಮಕ್ಕಳು ಆಡುವ ಮರಳಿನ ಗುಂಡಿಗೆ ಮುಚ್ಚಳ ಹಾಕಿ, ಆಡಿ ಬಂದ ಕೈ ಸೋಪಿನಲ್ಲಿ ತೊಳೆಸಿ, ತೋಟದ ಸೊಪ್ಪನ್ನು ತೊಳೆದು ತಿನ್ನಿ. ಕೊಕ್ಕೆಹುಳುವಿನ ಲಾರ್ವಾ ಬರಿಗಾಲಿನ ಚರ್ಮ ಹೊಕ್ಕು ಹಾವಿನಂತೆ ಹರಿದ ಕೆಂಪು ಗೆರೆ ಮೂಡಿಸುತ್ತದೆ. ಅಂಥ ಗೆರೆ ಕಂಡರೆ ಚರ್ಮದ ವೈದ್ಯರಿಗೆ ‘ಮನೆಯಲ್ಲಿ ನಾಯಿ ಇದೆ’ ಎಂದು ಹೇಳಿ.

ಕಾಯದೆ ಓಡಬೇಕಾದ ಸಂದರ್ಭ

ವಸಡು ಬಿಳಿಚಿದ್ದರೆ, ಮೂತ್ರ ಕಂದು ಅಥವಾ ಕೆಂಪಾಗಿದ್ದರೆ, ಮರಿಯ ಹೊಟ್ಟೆ ಡೋಲಿನಂತೆ ಉಬ್ಬಿ ವಾಂತಿ ನಿಲ್ಲದಿದ್ದರೆ, ಮಲ ಕಪ್ಪಗಿದ್ದು ನಾಯಿ ಎದ್ದು ನಿಲ್ಲದಿದ್ದರೆ, ಔಷಧಿ ಕೊಟ್ಟ ಮೇಲೆ ತೂರಾಡಿದರೆ ಅವತ್ತೇ ಹೋಗಿ. ಹೊರಡುವಾಗ ನಾಯಿಯ ಜೊತೆ ನಾಲ್ಕು ವಸ್ತು ಕೈಯಲ್ಲಿರಲಿ: ಮಲದ ಡಬ್ಬಿ, ಉಣುಗಿನ ಶೀಸೆ, ಔಷಧಿಯ ಖಾಲಿ ಹಾಳೆ, ಆ ಪುಸ್ತಕ.